ಜಲಗಾಲನದ ಮರೆತ ಅರ್ಧ

ಶ್ರಾವಕನ ನಿತ್ಯಾಚಾರಗಳಲ್ಲಿ ಜಲಗಾಲನಕ್ಕೆ ವಿಶೇಷ ಸ್ಥಾನವಿದೆ. ಇಮ್ಮಡಿಸಿದ ದಪ್ಪ ಬಟ್ಟೆಯಲ್ಲಿ ನೀರು ಸೋಸಿ ಬಳಸುವ ಈ ನಿಯಮವನ್ನು ನಮ್ಮ ಉಪನ್ಯಾಸಗಳೂ ಕಿರುಹೊತ್ತಗೆಗಳೂ ಧಾರಾಳವಾಗಿ ಪ್ರಶಂಸಿಸುತ್ತವೆ. ಆದರೆ ಆ ಪ್ರಶಂಸೆಗೆ ನಾವು ಕೊಡುತ್ತಿರುವ ಕಾರಣವನ್ನು ಪರಿಶೀಲಿಸಬೇಕಾಗಿದೆ.

ಸೋಸಿದ ನೀರು ಆರೋಗ್ಯಕ್ಕೆ ಹಿತ, ಸೂಕ್ಷ್ಮದರ್ಶಕಕ್ಕಿಂತ ಮೊದಲೇ ಹಿರಿಯರು ಇದನ್ನು ಅರಿತಿದ್ದರು ಎಂಬುದು ವಾಡಿಕೆಯ ವಿವರಣೆ. ಇದು ಸುಳ್ಳಲ್ಲ. ಭಾರತವು 2000ದಲ್ಲಿ ನಾರುಹುಣ್ಣಿನ ರೋಗದಿಂದ ಮುಕ್ತವೆನಿಸಿದುದರಲ್ಲಿ ಬಟ್ಟೆಯಲ್ಲಿ ನೀರು ಸೋಸುವ ಅಭ್ಯಾಸದ ಪಾಲೂ ಇತ್ತು. ಆದರೆ ಈ ವಿವರಣೆಯು ನಿಯಮದ ಉತ್ತರಾರ್ಧವನ್ನು ಮರೆಯುತ್ತದೆ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ನೀರು ತಂದ ಬಾವಿಗೇ, ಎತ್ತರದಿಂದ ಸುರಿಯದೆ, ಮೆಲ್ಲನೆ ಇಳಿಸಬೇಕೆಂಬುದು ಆ ಭಾಗ. ಇದರಿಂದ ಕುಡಿಯುವವನಿಗೆ ಎಳ್ಳಷ್ಟೂ ಲಾಭವಿಲ್ಲ. ಲಾಭವೆಲ್ಲ ಆ ಜೀವಿಗಳದು. ನಿಯಮದ ತಿರುಳು ಆರೋಗ್ಯವಲ್ಲ, ಅಹಿಂಸೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಬಾವಿ ಹೋಗಿ ನಲ್ಲಿ ಬಂದಾಗ ನಾವು ಪೂರ್ವಾರ್ಧವನ್ನು ಉಳಿಸಿಕೊಂಡು ಉತ್ತರಾರ್ಧವನ್ನು ಬಿಟ್ಟೆವು. ಮನೆಯೊಳಗೆ ಬರುವ ನೀರಿನ ಬಗ್ಗೆ ಅಪಾರ ಎಚ್ಚರ. ಹೊರಗೆ ಹೋಗುವ ನೀರಿನ ಬಗ್ಗೆ ವಿಚಾರವೇ ಇಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿತು. 2017ರ ಫೆಬ್ರವರಿಯಲ್ಲಿ ಆ ಕೆರೆಯಲ್ಲೇ ಬೆಂಕಿ ಕಾಣಿಸಿತು. ಆ ನೊರೆಯಲ್ಲಿ ಮನೆಮನೆಯ ಬಟ್ಟೆ ಒಗೆದ, ಪಾತ್ರೆ ತೊಳೆದ ನೀರಿನ ಪಾಲಿತ್ತು. ಸಾಬೂನು ಪುಡಿಯಲ್ಲಿ ಫಾಸ್ಫೇಟ್ ಇದ್ದರೆ ಅದು ಪಾಚಿಗೆ ಗೊಬ್ಬರವಾಗುತ್ತದೆ. ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ತೀರಿ ಮೀನುಗಳು ಸಾಯುತ್ತವೆ. ಒಂದು ಕೊಡದಲ್ಲಿ ಅಣುಜೀವಿಯನ್ನು ಕಾಯ್ದವರು ಒಂದು ಕೆರೆಯ ಪಂಚೇಂದ್ರಿಯ ಜೀವಿಗಳ ಸಾವಿನಲ್ಲಿ ಪಾಲುಗಾರರಾಗುವುದು ಎಂತಹ ವಿಪರ್ಯಾಸ!

ಹೊರಹಾಕುವುದರ ವಿವೇಕ ನಮ್ಮ ಧರ್ಮಕ್ಕೆ ಹೊಸದಲ್ಲ. ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದಾದ ಉತ್ಸರ್ಗ ಸಮಿತಿಯು ಮಲಮೂತ್ರಗಳನ್ನು ನಿರ್ಜಂತುಕ ಸ್ಥಳದಲ್ಲಿ ಮಾತ್ರ ವಿಸರ್ಜಿಸಬೇಕೆನ್ನುತ್ತದೆ. ನಿಷ್ಪ್ರಯೋಜನವಾಗಿ ನೀರನ್ನು ಹಾಳುಮಾಡುವುದನ್ನು ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ'ವು ಅನರ್ಥದಂಡದ ಪ್ರಮಾದಚರ್ಯೆಯಲ್ಲಿ ಸೇರಿಸಿದೆ. ಗೃಹಸ್ಥನಿಗೆ ಇಷ್ಟು ಆಧಾರ ಸಾಲದೆ?

ಆಚರಣೆಯೂ ಕಠಿಣವಲ್ಲ. ಕರಿದು ಉಳಿದ ಎಣ್ಣೆಯನ್ನು ಬಚ್ಚಲಿಗೆ ಸುರಿಯದೆ, ಬಾಣಲೆಯನ್ನು ಕಾಗದದಿಂದ ಒರೆಸಿ ತೊಳೆಯಬಹುದು. ಫಾಸ್ಫೇಟ್ ಇಲ್ಲದ ಸಾಬೂನು ಪುಡಿಯನ್ನು ಅಳತೆಯಿಂದ ಬಳಸಬಹುದು. ಅಕ್ಕಿ ತೊಳೆದ ನೀರನ್ನು ಗಿಡಗಳಿಗೆ ಹಾಕಬಹುದು. ಅವಧಿ ಮುಗಿದ ಔಷಧಿಗಳನ್ನು ಶೌಚಾಲಯಕ್ಕೆ ಎಸೆಯಬಾರದು. ಕೊಳಚೆ ಶುದ್ಧೀಕರಣ ಘಟಕಗಳು ಅವನ್ನು ಪೂರ್ಣವಾಗಿ ತೆಗೆಯಲಾರವು. ಬೀದಿಯ ಮಳೆನೀರಿನ ಚರಂಡಿಯು ಬಹುಮಟ್ಟಿಗೆ ನೇರವಾಗಿ ಕೆರೆಗೇ ಸೇರುವುದರಿಂದ ಬಣ್ಣ, ವಾಹನದ ಹಳೆಯ ಎಣ್ಣೆಗಳು ಅದರ ಹತ್ತಿರವೂ ಸುಳಿಯಬಾರದು.

ಬಸದಿಗಳ ಆಡಳಿತ ಮಂಡಳಿಗಳಿಗೂ ಒಂದು ಮಾತು. ಪಂಚಾಮೃತ ಅಭಿಷೇಕದ ಹಾಲು, ತುಪ್ಪ, ಕಬ್ಬಿನ ಹಾಲುಗಳು ಕಲ್ಯಾಣಿಗೆ ಹರಿದರೆ ಪವಿತ್ರವಸ್ತುವೇ ಜೀವಘಾತಕವಾಗುತ್ತದೆ. ಹಾಲು ಕೊಳೆಯುವಾಗ ನೀರಿನಿಂದ ಹೀರುವ ಆಮ್ಲಜನಕವು ಅಷ್ಟೇ ಪ್ರಮಾಣದ ಮನೆಯ ಕೊಳಚೆ ಹೀರುವುದಕ್ಕಿಂತ ನೂರಾರು ಪಟ್ಟು ಹೆಚ್ಚು. ಅಭಿಷೇಕದ ದ್ರವ್ಯವನ್ನು ಯಾರೂ ತುಳಿಯದ ತೋಟದ ಮಣ್ಣಿಗೆ ತೆಳುವಾಗಿ ಹರಡಿಸುವ, ನಿರ್ಮಾಲ್ಯದ ಹೂಗಳನ್ನು ಗೊಬ್ಬರಕ್ಕೆ ಬಿಡುವ ವ್ಯವಸ್ಥೆಗೆ ದೊಡ್ಡ ವೆಚ್ಚವೇನೂ ಬೇಕಿಲ್ಲ.

ವ್ಯಕ್ತಿಗಳ ಎಚ್ಚರದಿಂದ ಮಾತ್ರ ಕೆರೆಗಳು ತಿಳಿಯಾಗಲಾರವು. ಕಾರ್ಖಾನೆಗಳ, ನಗರಾಡಳಿತದ ಹೊಣೆ ದೊಡ್ಡದು. ಆದರೆ ಅವರ ದೋಷದಿಂದ ನಮ್ಮ ವ್ರತಕ್ಕೆ ವಿನಾಯಿತಿ ದೊರೆಯದು. ನೀರು ಸೋಸುವ ಬಟ್ಟೆಯನ್ನು ನಲ್ಲಿಗೆ ಕಟ್ಟುವಾಗ ಬಚ್ಚಲ ಮೋರಿಯ ಕಡೆಗೂ ಒಮ್ಮೆ ನೋಡೋಣ. ಜಲಗಾಲನವು ಅಲ್ಲಿಗೆ ಮುಟ್ಟಿದಾಗಲೇ ಪೂರ್ಣವಾಗುತ್ತದೆ.