ಸೀರೆಗೊಂದು ಕಲಂ

1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗ ಬುಡಕಟ್ಟುಗಳದ್ದಲ್ಲ, ಹಿಜಡಾಗಳದ್ದು. ಅದರ 26ನೇ ಕಲಂ ಒಂದೇ ಉದ್ದನೆಯ ವಾಕ್ಯ. ಜಾರಿಯಾದದ್ದು ಉತ್ತರದ ಪ್ರಾಂತ್ಯಗಳಲ್ಲಿ, ಮೈಸೂರು ಸೀಮೆಯಲ್ಲಿ ಅಲ್ಲ. ಆದರೂ ಬೆಂಗಳೂರಿನ ಹೊರವಲಯದಲ್ಲಿ ಕೂತು ಅದನ್ನು ತುಂಡುತುಂಡಾಗಿ ಓದುವುದಕ್ಕೆ ಕಾರಣವಿದೆ. ಕನ್ನಡ ಅನುವಾದ ನನ್ನದು.

‘ಹೀಗೆ ನೋಂದಾಯಿತನಾದ ಯಾವನೇ ನಪುಂಸಕನು’
‘ನೋಂದಾಯಿತ’ವನ್ನು ಹಾರಿಸಿ ಓದಬಾರದು. ಮೊದಲು ಹೆಸರು, ವಾಸಸ್ಥಳ ಸರ್ಕಾರಿ ದಫ್ತರಕ್ಕೆ ಏರಬೇಕು. ಆಮೇಲಷ್ಟೇ ಉಟ್ಟ ಸೀರೆ ಅಪರಾಧ. ಅದೇ ಕಾಲದ ಪಾರ್ಸಿ ನಾಟಕ ಕಂಪನಿಗಳ ಗಂಡು ನಾಯಕಿಯರು ಈ ಕಲಮಿನ ಹೊರಗಿದ್ದರು. ಬೆಳಗಾದರೆ ಬಣ್ಣ ತೊಳೆದು ಅಂಗಿ ತೊಡುವವನ ಬಗ್ಗೆ ಕಾನೂನಿಗೆ ತಕರಾರಿಲ್ಲ. ಹಗಲಲ್ಲೂ ಸೀರೆಯಲ್ಲೇ ಇರುವವಳ ಮೇಲೆ ಅದರ ಕಣ್ಣು.

‘ಹೆಣ್ಣಿನಂತೆ ಉಟ್ಟು ಅಥವಾ ಸಿಂಗರಿಸಿಕೊಂಡು’
ಗಂಡುವೇಷ ತೊಟ್ಟ ಹೆಣ್ಣಿನ ಸುದ್ದಿಯೇ ಇಲ್ಲ. ನಮ್ಮಲ್ಲಿ 1958ರಲ್ಲಿ ಆರ್. ನಾಗರತ್ನಮ್ಮ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಗಂಡುಪಾತ್ರಗಳನ್ನೂ ಹೆಂಗಸರಿಂದಲೇ ಮಾಡಿಸಿ, ತಾವೇ ಕಂಸನಾಗಿ ಅಬ್ಬರಿಸಿದರು. ಹೆಣ್ಣು ಗಂಡಿಗೆ ‘ಏರಿದರೆ’ ಶಿಳ್ಳೆ, ಗಂಡು ಹೆಣ್ಣಿಗೆ ‘ಇಳಿದರೆ’ ಸೆರೆ.

‘ಸಾರ್ವಜನಿಕ ಬೀದಿಯಲ್ಲಿ, ಅಥವಾ ಬೀದಿಗೆ ಕಾಣಲೆಂದೇ ಬೇರೆಡೆ ನಿಂತರೆ’
ಇಲ್ಲಿ ಸ್ವಲ್ಪ ತಡೆಯಬೇಕು. ಬೊಮ್ಮಸಂದ್ರ, ಜಿಗಣಿಯ ಕಾರ್ಖಾನೆಗಳಿರುವ ಆನೇಕಲ್ ತಾಲ್ಲೂಕಿನಲ್ಲೇ, ಆನೇಕಲ್ ಕರಗದ ರಾತ್ರಿ, ಬಳೆ ಕುಂಕುಮ ಮಲ್ಲಿಗೆಯಲ್ಲಿ ದ್ರೌಪದಿಯಾದ ಗಂಡಸು ನಡುಬೀದಿಯಲ್ಲಿ ಬರುತ್ತಾನೆ. ಜನ ಕೈಮುಗಿಯುತ್ತಾರೆ. ಹೊಸೂರು ರಸ್ತೆಯ ಸಿಗ್ನಲ್ಲಿನಲ್ಲಿ ಬಳೆ ತೊಟ್ಟ ಮಂಗಳಮುಖಿ ಹತ್ತಿರ ಬಂದರೆ ಕಾರಿನ ಗಾಜು ಏರುತ್ತದೆ. ಎರಡೂ ಕಡೆ ನೋಡುವವರು ಬೇರೆ ಬೇರೆ ಜನ ಎಂದು ನಾನು ನಂಬುವುದಿಲ್ಲ. ದೇವರೋ ಕತೆಯೋ ಹೊಣೆ ಹೊತ್ತರೆ ಮಾತ್ರ ನಮಗೆ ಆ ವೇಷ ಸಮ್ಮತ.

‘ಕುಣಿದರೆ, ವಾದ್ಯ ನುಡಿಸಿದರೆ, ಪ್ರದರ್ಶನದಲ್ಲಿ ಸೇರಿದರೆ’
ಬಟ್ಟೆಯಿಂದ ಹೊಟ್ಟೆಗೆ ಬಂತು ಕಾನೂನು. ದಫ್ತರದಲ್ಲಿ ಹೆಸರಿದ್ದಿದ್ದರೆ, ಈ ಲೆಕ್ಕದಲ್ಲಿ ಜೋಗತಿ ಕುಣಿತದಿಂದ ಬದುಕಿದ ಮಂಗಳಮುಖಿ ಮಂಜಮ್ಮ ಜೋಗತಿ ಪ್ರತಿ ಸಲವೂ ತಪ್ಪಿತಸ್ಥೆ. ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು.

‘ಖಾಸಗಿ ಮನೆಯಲ್ಲಿ ಹಣಕ್ಕಾದರೂ’
ಬಾಗಿಲು ಹಾಕಿಕೊಂಡರೂ ಬಿಡದು. ವೈಟ್‌ಫೀಲ್ಡಿನ ಐಟಿ ಕ್ಯಾಂಪಸ್ಸು ಬೀದಿಯೂ ಅಲ್ಲ, ಮನೆಯೂ ಅಲ್ಲ. ಬೆಂಗಳೂರಿನ ಅಲೆಕ್ಸ್ ಮ್ಯಾಥ್ಯೂ 2014ರಿಂದ ‘ಮಾಯಾ’ ಎಂಬ ಹೆಣ್ಣುವೇಷದಲ್ಲಿ ಡ್ರ್ಯಾಗ್ ಪ್ರದರ್ಶನ ಕೊಡುತ್ತಿದ್ದಾರೆ, ಹೆಚ್ಚಾಗಿ ಸೀರೆಯಲ್ಲೇ. ಇಂಥ ಕಲೆಗೆ ಜೂನ್ ತಿಂಗಳ ಪ್ರೈಡ್ ನೆಪದಲ್ಲಿ ಅಂಥ ಕ್ಯಾಂಪಸ್ಸಿನ ಕಂಪನಿಗಳೂ ಮೈಕು ಕೊಡುತ್ತವೆ, ಗೇಟಿನಲ್ಲಿ ಹೆಸರು ಬರೆಸಿಕೊಂಡ ಮೇಲೆ.

‘ವಾರಂಟ್ ಇಲ್ಲದೆ ಬಂಧಿಸಬಹುದು, ಎರಡು ವರ್ಷದವರೆಗೆ ಸೆರೆ, ಅಥವಾ ದಂಡ, ಅಥವಾ ಎರಡೂ’
ಆ ಕಾಯ್ದೆ ಸತ್ತು ದಶಕಗಳಾದ ಮೇಲೆ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ 36-ಎ ಕಲಂ ಸೇರಿತು. ಸಂಶಯ ಬಂದ ಹಿಜಡಾಗಳ ಹೆಸರು, ವಾಸಸ್ಥಳದ ಪಟ್ಟಿ ಇಡುವ ಅಧಿಕಾರ ಪೊಲೀಸ್ ಕಮಿಷನರಿಗೆ ಬಂತು. ಪೀಣ್ಯವೂ ಎಲೆಕ್ಟ್ರಾನಿಕ್ ಸಿಟಿಯೂ ಬೆಂಗಳೂರು ಕಮಿಷನರ ವ್ಯಾಪ್ತಿಯವೇ. ಸೀರೆಯನ್ನು ಬಿಟ್ಟು ದಫ್ತರವನ್ನು ಉಳಿಸಿಕೊಂಡಿತ್ತು ಹೊಸ ಕಲಂ. ಹೈಕೋರ್ಟಿನಲ್ಲಿ ಪ್ರಶ್ನೆಯಾದ ಮೇಲೆ ಸರ್ಕಾರ ‘ನಪುಂಸಕ’ ಎಂಬ ಆ ಹಳೆಯ ಪದವನ್ನು ತೆಗೆದು ‘ವ್ಯಕ್ತಿಗಳು’ ಎಂದು ತಿದ್ದಿತು. ಕಲಂ ತೆಗೆಯಲಿಲ್ಲ.