ಅಲಂಕೃತಾಕ್ಷರಗಳ ಜೋಡಣೆಯಲ್ಲಿ ಔಚಿತ್ಯ

ನೆನಪಿನ ಹೊತ್ತಗೆಯನ್ನು ಗಣಕಯಂತ್ರದ ತೆರೆಯ ಮೇಲೆ ರಚಿಸುವ ಹವ್ಯಾಸ ಈಗ ಹಲವು ದೇಶಗಳಲ್ಲಿ ಬೇರೂರಿದೆ. ಛಾಯಾಚಿತ್ರ, ಹೂಬಳ್ಳಿ, ಬಣ್ಣದ ಕಾಗದದ ಚಿತ್ರಗಳ ನಡುವೆ ಅಲಂಕೃತಾಕ್ಷರಗಳಿಂದ ಶೀರ್ಷಿಕೆಯನ್ನು ಜೋಡಿಸುವುದು ಇದರ ಮುಖ್ಯ ಅಂಗ. ಇದನ್ನು ವಿರಾಮಕಾಲದ ವಿನೋದವೆಂದು ವಿಮರ್ಶೆ ಕಡೆಗಣಿಸಬಹುದು. ಆದರೆ ಅಂದವೆಂದರೇನು, ಅದನ್ನು ಅಳೆಯುವುದು ಕಣ್ಣೋ ಅಳತೆಗೋಲೋ ಎಂಬ ಹಳೆಯ ಪ್ರಶ್ನೆಯೇ ಇಲ್ಲಿಯೂ ಏಳುತ್ತದೆ. ಕನ್ನಡ ಲಿಪಿಗೆ ಸಂಬಂಧಿಸಿದಂತೆ ಆ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ.

ಈ ಜೋಡಣೆಯ ಕ್ರಮವನ್ನು ಮೊದಲು ಗಮನಿಸಬೇಕು. ಅಲಂಕೃತಾಕ್ಷರಮಾಲೆಯಲ್ಲಿ ಒಂದೊಂದು ಅಕ್ಷರವೂ ಒಂದೊಂದು ಬಿಡಿ ಚಿತ್ರ. ಪ್ರತಿ ಚಿತ್ರದ ಸುತ್ತಲೂ ಕಣ್ಣಿಗೆ ಕಾಣದ ಒಂದು ಚೌಕಟ್ಟಿರುತ್ತದೆ. ಅಕ್ಷರಗಳ ಅಂಚನ್ನು ಒಂದೇ ರೇಖೆಗೆ ತರುವ ಆಜ್ಞೆ ಒಂದು, ಅವುಗಳ ನಡುವಿನ ತೆರವನ್ನು ಸಮವಾಗಿ ಹಂಚುವ ಆಜ್ಞೆ ಮತ್ತೊಂದು. ಇವೆರಡನ್ನು ಪ್ರಯೋಗಿಸಿದರೆ ಕೆಲಸ ಮುಗಿಯಿತೆಂಬುದು ರೂಢಿಯ ನಂಬಿಕೆ. ಆದರೆ ಯಂತ್ರವು ಅಳೆಯುವುದು ಚೌಕಟ್ಟನ್ನು. ಓದುಗನು ನೋಡುವುದು ಅಕ್ಷರವನ್ನು. ಈ ಅಂತರದಲ್ಲಿಯೇ ದೋಷ ಹುಟ್ಟುತ್ತದೆ.

ರೋಮನ್ ಲಿಪಿಯ ‘ಕ್ಯೂ’ ಅಕ್ಷರಕ್ಕೆ ಕೆಳಗೊಂದು ಬಾಲವುಂಟು. ಕೆಳ ಅಂಚನ್ನು ಹಿಡಿದು ಸಾಲು ಕಟ್ಟಿದರೆ ಬಾಲವು ನೆಲಕ್ಕೆ ತಗಲಿ, ಅಕ್ಷರದ ಒಡಲು ಮೇಲಕ್ಕೇರುತ್ತದೆ. ‘ಎ’ ಮತ್ತು ‘ವಿ’ ಅಕ್ಷರಗಳ ಓರೆಗೆರೆಗಳ ನಡುವೆ ತೆರವು ಅಗಲವಾಗಿ ತೋರುತ್ತದೆ. ನೆಟ್ಟನೆಯ ಕಂಬಗಳುಳ್ಳ ‘ಎಚ್’ ಮತ್ತು ‘ಐ’ ಅಕ್ಷರಗಳ ನಡುವೆ ಅಷ್ಟೇ ತೆರವು ಇಕ್ಕಟ್ಟೆನಿಸುತ್ತದೆ. ಲೋಹದ ಅಚ್ಚುಮೊಳೆಗಳ ಕಾಲದಲ್ಲಿ ಅಕ್ಷರದ ಚಾಚನ್ನು ಮೊಳೆಯ ಒಡಲಿನಿಂದ ಹೊರಕ್ಕೆ ಬಿಟ್ಟು ಈ ದೋಷವನ್ನು ತಿದ್ದುತ್ತಿದ್ದರು. ರೋಮ್ ನಗರದಲ್ಲಿ ಕ್ರಿ. ಶ. 113ರ ಟ್ರಾಜನ್ ಸ್ತಂಭದ ಪೀಠಶಾಸನದಲ್ಲಿ ಮೇಲಿನ ಸಾಲುಗಳ ಅಕ್ಷರಗಳು ಕೆಳಗಿನವಕ್ಕಿಂತ ತುಸು ದೊಡ್ಡವು. ಕೆಳಗೆ ನಿಂತು ನೋಡುವವನಿಗೆ ಸಾಲುಗಳೆಲ್ಲ ಸಮವಾಗಿ ತೋರಲು ಇದು ನೆರವಾಗುತ್ತದೆ. ಕಣ್ಣಿಗೆ ಸಮವಾಗಿ ಕಾಣಬೇಕಾದರೆ ಅಳತೆಯಲ್ಲಿ ಅಸಮವಾಗಬೇಕಾದೀತು ಎಂಬುದು ಇದರ ತಾತ್ಪರ್ಯ.

ಕನ್ನಡದಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ‘ಪುಸ್ತಕ’ ಎಂಬ ಪದದ ಕೆಳ ಅಂಚನ್ನು ಸಮಗೊಳಿಸಿದರೆ ತಕಾರದ ಒತ್ತು ನೆಲಕ್ಕೆ ಮುಟ್ಟಿ, ಸಕಾರವು ನೆರೆಹೊರೆಯ ಅಕ್ಷರಗಳಿಗಿಂತ ಮೇಲೆ ಜಿಗಿಯುತ್ತದೆ. ‘ನೆನಪಿನ’ ಎಂಬಲ್ಲಿ ಮೇಲಂಚನ್ನು ಹಿಡಿದರೆ ಎತ್ವ ಮತ್ತು ಗುಡಿಸುಗಳುಳ್ಳ ಅಕ್ಷರಗಳು ಕುಸಿಯುತ್ತವೆ, ಬರಿಯ ನಕಾರಗಳು ಮೇಲೇಳುತ್ತವೆ. ನಡುವನ್ನು ಹಿಡಿದರೂ ಫಲ ಇದೇ. ಆದುದರಿಂದ ಅಕ್ಷರದ ಒಡಲು ನಿಲ್ಲುವ ನೆಲಗೆರೆಯೊಂದನ್ನು ಎಳೆದುಕೊಂಡು, ಒಡಲನ್ನು ಅದರ ಮೇಲಿರಿಸಿ, ಒತ್ತು ಗುಡಿಸುಗಳನ್ನು ಅವುಗಳ ಪಾಡಿಗೆ ಕೆಳಕ್ಕೂ ಮೇಲಕ್ಕೂ ಬಿಡುವುದೇ ಸರಿಯಾದ ಮಾರ್ಗ.

ಇದಕ್ಕಿಂತ ಮೂಲಭೂತವಾದ ಆಕ್ಷೇಪವೊಂದಿದೆ. ಬಿಡಿ ಚಿತ್ರಗಳ ಪದ್ಧತಿ ಹುಟ್ಟಿದ್ದು ಇಪ್ಪತ್ತಾರು ಅಕ್ಷರಗಳ ಲಿಪಿಗಾಗಿ. ನಮ್ಮಲ್ಲಿ 34 ವ್ಯಂಜನಗಳು. ಕಾಗುಣಿತದಲ್ಲಿ ಒಂದೊಂದಕ್ಕೆ 15 ರೂಪಗಳಂತೆ ಅವು 510 ಆಗುತ್ತವೆ. ಒತ್ತಕ್ಷರಗಳ ಲೆಕ್ಕ ಇದರಲ್ಲಿ ಸೇರಿಲ್ಲ. ವರ್ಣಮಾಲೆಯ 49 ಅಕ್ಷರಗಳಿಗೆ ಮಾತ್ರ ಚಿತ್ರ ಬರೆದು ‘ಕನ್ನಡ ಅಕ್ಷರಮಾಲೆ’ ಎಂದು ಹೆಸರಿಟ್ಟರೆ, ಅದರಿಂದ ಕನ್ನಡದ ಮೂರು ಮಾತನ್ನೂ ನೆಟ್ಟಗೆ ಬರೆಯಲಾಗದು. ‘ಲಕ್ಷ್ಮಮ್ಮ’ ಎಂಬ ಸಾಮಾನ್ಯವಾದ ಹೆಸರನ್ನೇ ತೆಗೆದುಕೊಳ್ಳೋಣ. ಕಕಾರದ ಕೆಳಗೆ ಷಕಾರ ಮಕಾರಗಳೆರಡರ ಒತ್ತು. ಮುಂದಿನ ಮಕಾರಕ್ಕೆ ಅದರದೇ ಒತ್ತು. ಅಂತಹ ಅಕ್ಷರಮಾಲೆಯನ್ನು ನೆಚ್ಚಿದವನಿಗೆ ತನ್ನ ಅಜ್ಜಿಯ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆಯುವುದು, ಇಲ್ಲವೆ ಹೆಸರನ್ನೇ ಕೈಬಿಡುವುದು, ಇವೆರಡೇ ದಾರಿ ಉಳಿಯುತ್ತವೆ. ಅಲಂಕಾರಕ್ಕಾಗಿ ಅಲಂಕಾರ್ಯವನ್ನೇ ಬಲಿಕೊಟ್ಟಂತಾಯಿತು.

ಪರಿಹಾರ ದೂರವಿಲ್ಲ. 1991ರಲ್ಲಿ ಹೊರಬಂದ ಯೂನಿಕೋಡ್ ಸಂಕೇತದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಅದರಲ್ಲಿ ಒತ್ತಕ್ಷರಕ್ಕೆ ಬೇರೆ ಸಂಕೇತವಿಲ್ಲ. ವ್ಯಂಜನಗಳ ನಡುವೆ ಹಲಂತದ ಚಿಹ್ನೆ ಬಂದಾಗ ಅಕ್ಷರವಿನ್ಯಾಸವೇ ಒತ್ತನ್ನು ಅದರ ಸ್ಥಾನದಲ್ಲಿ ಕೂರಿಸುತ್ತದೆ. ಆದುದರಿಂದ ಮೊದಲು ಪದವನ್ನು ಇಡಿಯಾಗಿ ಬರೆದು, ಬಣ್ಣ, ನೆರಳು, ಹೂವಿನ ಹೊದಿಕೆಗಳನ್ನು ಆಮೇಲೆ ಇಡೀ ಪದಕ್ಕೆ ತೊಡಿಸಬೇಕು. ಹೊಯ್ಸಳರ ಕಾಲದ ಶಾಸನಗಳಲ್ಲಿ ಅಕ್ಷರಗಳು ದುಂಡಾಗಿ, ಒತ್ತೊತ್ತಾಗಿ, ತುಂಬಿಕೊಂಡು ನಿಂತಿದ್ದರೂ ಸಾಲು ಕದಡುವುದಿಲ್ಲ. 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಿತವಾದ ‘ಮಂಗಳೂರ ಸಮಾಚಾರ’ದ ಮೂಲವೂ ಕೈಬರಹವೇ. ಇವೆರಡರಲ್ಲಿಯೂ ಪದವು ಬಿಡಿ ತುಣುಕುಗಳ ಮೊತ್ತವಲ್ಲ. ಒಂದು ಕೈಯ ಒಂದು ಓಟ.

ನೆನಪಿನ ಪುಟ ಶಾಸನವಲ್ಲ, ಅಕ್ಷರಗಳು ಕುಣಿದಾಡಿದರೆ ಅದೇ ಚೆಲುವು ಎಂದು ವಾದಿಸುವವರುಂಟು. ಈ ಮಾತಿನಲ್ಲಿ ಸತ್ಯಾಂಶವಿದೆ. ಮಗುವಿನ ಹುಟ್ಟುಹಬ್ಬದ ಪುಟದಲ್ಲಿ ಸೆಟೆದುನಿಂತ ಸಾಲು ಶುಷ್ಕವೆನಿಸೀತು. ಆದರೆ ಕುಣಿತಕ್ಕೂ ತಾಳವುಂಟು. ಅಕ್ಷರವು ಓರೆಯಾದರೆ ಅದರ ಒತ್ತೂ ಜೊತೆಯಲ್ಲಿಯೇ ಓರೆಯಾಗಬೇಕು. ಒತ್ತೊಂದು ಕಡೆ, ಒಡಲೊಂದು ಕಡೆ ಚದರಿದರೆ ಅದು ಲೀಲೆಯಲ್ಲ, ಅಕ್ಷರಭಂಗ. ಉದ್ದೇಶಪೂರ್ವಕವಾದ ಏರಿಳಿತವನ್ನೂ ಯಂತ್ರದ ಅಜ್ಞಾನದಿಂದಾದ ಏರಿಳಿತವನ್ನೂ ಓದುಗನ ಕಣ್ಣು ಬೇರ್ಪಡಿಸಬಲ್ಲದು.

ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಎಣಿಸಿದನು. ಆ ತತ್ತ್ವವನ್ನು ಈ ಕಿರುಕಲೆಗೂ ಅನ್ವಯಿಸಲು ಅಡ್ಡಿಯಿಲ್ಲ. ಅಲಂಕೃತಾಕ್ಷರವು ಮೊದಲು ಅಕ್ಷರ, ಬಳಿಕ ಅಲಂಕೃತ. ನಮ್ಮ ಕಾಲೇಜುಗಳ ವಾರ್ಷಿಕೋತ್ಸವದ ಪುಟಗಳನ್ನೂ ಮನೆಯ ನೆನಪಿನ ಹೊತ್ತಗೆಗಳನ್ನೂ ರಚಿಸುವ ವಿದ್ಯಾರ್ಥಿಗಳು ಈ ಅನುಕ್ರಮವನ್ನು ಪಾಲಿಸಿದರೆ ಸಾಕು; ಲಕ್ಷ್ಮಮ್ಮನ ಹೆಸರು ಒಂದು ಒತ್ತನ್ನೂ ಕಳೆದುಕೊಳ್ಳದೆ ಮೊಮ್ಮಕ್ಕಳ ಪುಟದಲ್ಲಿ ನಿಲ್ಲುತ್ತದೆ.