ಅಂಕಿತವಿಲ್ಲದ ಗಾನ

ಯಲಹಂಕದ ಮಗ್ಗುಲ ಅಟ್ಟೂರಿನಿಂದ ಬಹುದೂರವಲ್ಲದ ಬಾಗಲಗುಂಟೆಯಲ್ಲಿ ಆಂಜನೇಯ ದೇವಾಲಯದ ಅರ್ಚಕರಾಗಿದ್ದ ನರಸಿಂಹಮೂರ್ತಿಯವರು ೨೦೨೫ರಲ್ಲಿ ‘ಲವ್ ಯೂ’ ಎಂಬ ಕನ್ನಡ ಚಲಚ್ಚಿತ್ರವನ್ನು ಹೊರತಂದರು. ವೆಚ್ಚ ಸುಮಾರು ೧೦ ಲಕ್ಷ ರೂಪಾಯಿ, ಅವಧಿ ೯೫ ನಿಮಿಷ, ಹಾಡುಗಳು ೧೨. ನಟರಿಲ್ಲ, ಗಾಯಕರಿಲ್ಲ, ವಾದ್ಯಗಾರರಿಲ್ಲ. ರೂಪವನ್ನೂ ನಾದವನ್ನೂ ಕೃತಕ ಬುದ್ಧಿಮತ್ತೆಯೇ ಒದಗಿಸಿತೆಂದು ಪತ್ರಿಕೆಗಳಲ್ಲಿ ಪ್ರಕಟವಾಯಿತು. ಇಂಥದನ್ನು ವಿಜ್ಞಾನದ ವಿಜಯವೆಂದು ಕೊಂಡಾಡುವವರುಂಟು. ಕಲಿಯ ಮಹಿಮೆಯೆಂದು ತಲೆ ಚಚ್ಚಿಕೊಳ್ಳುವವರೂ ಉಂಟು. ಎರಡೂ ಆತುರದ ಮಾತು. ಈ ಯಂತ್ರಗಾನಕ್ಕೆ ಸಂಗೀತದಲ್ಲಿ ಯಾವ ಸ್ಥಾನವೆಂಬುದನ್ನು ಮೊದಲು ವಿಚಾರಿಸಬೇಕು.

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಗಾಯಕರನ್ನು ಐದು ಬಗೆಯಾಗಿ ವಿಂಗಡಿಸಿದ್ದಾನೆ. ಲೋಪವಿಲ್ಲದೆ ಕಲಿಸಬಲ್ಲವನು ಶಿಕ್ಷಾಕಾರ. ಪರರ ಭಂಗಿಯನ್ನು ಅನುಸರಿಸುವವನು ಅನುಕಾರ. ರಸದಲ್ಲಿ ತಾನೇ ಮುಳುಗುವವನು ರಸಿಕ. ಕೇಳುವವರನ್ನು ರಂಜಿಸುವವನು ರಂಜಕ. ಗೀತಕ್ಕೆ ಅತಿಶಯವನ್ನು ತಂದುಕೊಡುವವನು ಭಾವುಕ. ಯಂತ್ರವಾದರೋ ಅಸಂಖ್ಯಾತ ಧ್ವನಿಮುದ್ರಣಗಳನ್ನು ಉಂಡು, ಯಾವ ನಾದದ ಬಳಿಕ ಯಾವ ನಾದ ಬರುವುದು ಸಂಭಾವ್ಯವೆಂಬುದನ್ನು ಲೆಕ್ಕದಿಂದ ಅರಿತು, ಕೇಳಿದಂತೆ ಹಾಡನ್ನು ಹೆಣೆದು ಕೊಡುತ್ತದೆ. ಅದು ನಿಸ್ಸಂದೇಹವಾಗಿ ಅನುಕಾರ. ಅನೇಕವೇಳೆ ರಂಜಕವೂ ಅಹುದು. ರಸಿಕವೆನ್ನಲು ಮಾತ್ರ ಬಾರದು. ಮುಳುಗುವುದಕ್ಕೆ ಒಳಗೆ ಯಾರೂ ಇಲ್ಲ.

ಇಲ್ಲಿ ಪೂರ್ವಪಕ್ಷಿಯು ಹೀಗೆ ಆಕ್ಷೇಪಿಸಬಹುದು: “ಶಿಷ್ಯನೂ ಗುರುವಿನ ಕಂಠವನ್ನು ಅನುಕರಿಸಿಯೇ ಕಲಿಯುತ್ತಾನಲ್ಲವೆ? ಮನುಷ್ಯನಿಗೆ ದೋಷವಲ್ಲದ್ದು ಯಂತ್ರಕ್ಕೇಕೆ ದೋಷವಾಗಬೇಕು? ಗ್ರಾಮಫೋನು ಬಂದಾಗಲೂ ಹಿರಿಯರು ಅಂಜಲಿಲ್ಲವೆ?” ಈ ಆಕ್ಷೇಪವು ಹುರುಳಿಲ್ಲದ್ದಲ್ಲ. ಶಾರ್ಙ್ಗದೇವನೂ ಅನುಕಾರನನ್ನು ಗಾಯಕರ ಪಂಕ್ತಿಯಿಂದ ಎಬ್ಬಿಸಲಿಲ್ಲ. ಆದುದರಿಂದ ಅನುಕರಣವು ದೋಷವಲ್ಲ. ದೋಷವಿದ್ದರೆ ಅದನ್ನು ಬೇರೆಡೆಯಲ್ಲಿ ಹುಡುಕಬೇಕು.

೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪೆನಿಗಾಗಿ ಹಾಡಿದ ಗೌಹರ್ ಜಾನ್ ಅವರು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳುತ್ತಿದ್ದರು. ಮೈಸೂರಿನ ಆಸ್ಥಾನವನ್ನು ಸೇರಿ ೧೯೩೦ರಲ್ಲಿ ಅಲ್ಲಿಯೇ ತೀರಿಕೊಂಡ ಆ ಗಾಯಕಿಯ ತಟ್ಟೆಗಳಲ್ಲಿ ಆ ಕೂಗು ಇಂದಿಗೂ ಕೇಳಿಸುತ್ತದೆ. ಯಂತ್ರವು ಕಂಠವನ್ನು ಹಿಡಿದಿಟ್ಟಿತೇ ಹೊರತು ಕಂಠದ ಒಡತಿಯನ್ನು ಮರೆಸಲಿಲ್ಲ. ಹರಿದಾಸರು ತಮ್ಮ ಹೆಸರನ್ನೇ ಬಿಟ್ಟರು. ಆದರೂ ಅಂಕಿತವನ್ನು ಬಿಡಲಿಲ್ಲ. ಗೋಪಾಲದಾಸರಿಗೆ ‘ಗೋಪಾಲವಿಠಲ’ ಎಂಬ ಅಂಕಿತವನ್ನು ಕೊಟ್ಟವರು ವಿಜಯದಾಸರು. ಹಾಡಿದವನು ಯಾರಿಗೆ ಋಣಿಯೆಂಬುದು ಆ ಒಂದು ಮಾತಿನಲ್ಲಿ ಅಡಗಿರುತ್ತದೆ. ಯಂತ್ರದ ಹಾಡಿಗೆ ಇಲ್ಲದಿರುವುದು ಇದೇ. ಯಾರ ಯಾರ ಕಂಠಗಳಿಂದ ಕಲಿತಿತೆಂಬುದನ್ನು ಅದು ಹೇಳದು. ಅದನ್ನು ನಡೆಸುವವರೂ ಸಾಮಾನ್ಯವಾಗಿ ಹೇಳರು.

ಇದು ಬರಿಯ ತರ್ಕವಲ್ಲ. ೨೦೨೪ರಲ್ಲಿ ‘ಲಾಲ್ ಸಲಾಂ’ ಎಂಬ ತಮಿಳು ಚಿತ್ರದ ಹಾಡಿಗೆ ಎ. ಆರ್. ರಹಮಾನರು ದಿವಂಗತರಾದ ಬಂಬಾ ಬಾಕ್ಯ, ಶಾಹುಲ್ ಹಮೀದ್ ಇಬ್ಬರ ಕಂಠಗಳನ್ನು ಯಂತ್ರದಿಂದ ಎಬ್ಬಿಸಿದರು. ಕುಟುಂಬಗಳ ಅನುಮತಿಯನ್ನು ಪಡೆದು ಸಂಭಾವನೆಯನ್ನೂ ಸಲ್ಲಿಸಿದುದಾಗಿ ತಿಳಿಸಿದರು. ಅದೇ ವರ್ಷ, ೨೦೨೦ರಲ್ಲಿ ಅಗಲಿದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರ ಕಂಠವನ್ನು ತಮ್ಮನ್ನು ಕೇಳದೆ ಬಳಸಿದರೆಂದು ಅವರ ಮಗ ಚರಣ್ ಅವರು ‘ಕೀಡಾ ಕೋಲಾ’ ಎಂಬ ತೆಲುಗು ಚಿತ್ರದವರಿಗೆ ನೋಟೀಸು ಕೊಟ್ಟರು. ಯಂತ್ರದ ಕೌಶಲ ಎರಡೆಡೆಯೂ ಒಂದೇ ಬಗೆಯದು. ಭೇದವಿರುವುದು ಕೇಳಿ ಪಡೆಯುವುದರಲ್ಲಿಯೂ ಕೇಳದೆ ತೆಗೆದುಕೊಳ್ಳುವುದರಲ್ಲಿಯೂ. ಜೀವಂತ ಗಾಯಕ ಅರಿಜಿತ್ ಸಿಂಗರ ಮೊರೆಯ ಮೇಲೆ ಮುಂಬಯಿ ಉಚ್ಚ ನ್ಯಾಯಾಲಯವೂ ೨೦೨೪ರ ಜುಲೈನಲ್ಲಿ ಅವರ ಕಂಠದ ಅನಧಿಕೃತ ಬಳಕೆಗೆ ತಡೆಯಿತ್ತಿತು.

ಹಾಗೆಂದು ಬಾಗಲಗುಂಟೆಯ ಅರ್ಚಕರ ಸಾಹಸವನ್ನು ಹಳಿಯುವುದು ನ್ಯಾಯವಲ್ಲ. ಧನಿಕರಿಗೆ ಮಾತ್ರ ಎಟುಕುತ್ತಿದ್ದ ಕಲೆಯು ಸಾಮಾನ್ಯರ ಕೈಗೆ ಬಂದುದು ಲಾಭವೇ ಸರಿ. ಆದರೆ ಹನ್ನೆರಡು ಹಾಡುಗಳಲ್ಲಿ ಉಳಿದ ಹಣವೆಷ್ಟೋ, ತಬಲ ಪಿಟೀಲುಗಳನ್ನು ನಂಬಿ ಬದುಕುವ ಮನೆಗಳಿಗೆ ತಪ್ಪಿದ ಕೂಲಿಯೂ ಅಷ್ಟೇ ಎಂಬುದನ್ನು ಮರೆಯಬಾರದು. ಆ ಮನೆಗಳ ಮಕ್ಕಳು ಕಲಿಯುವುದನ್ನು ಬಿಟ್ಟರೆ ಮುಂದೆ ಯಂತ್ರವಾದರೂ ಯಾರನ್ನು ಅನುಕರಿಸೀತು? ಹಳೆಯ ಅನ್ನವನ್ನೇ ಮತ್ತೆ ಮತ್ತೆ ಬಿಸಿಮಾಡಿ ಬಡಿಸಬೇಕಾದೀತು.

ಮನುಷ್ಯನು ಹುಟ್ಟುವಾಗಲೇ ಋಷಿಗಳಿಗೂ ದೇವತೆಗಳಿಗೂ ಪಿತೃಗಳಿಗೂ ಋಣಿಯೆಂದು ಶ್ರುತಿಯ ಮತ. ಇವುಗಳಲ್ಲಿ ಋಷಿಋಣವು ವಿದ್ಯೆಗೆ ಸೇರಿದ್ದು. ಯಂತ್ರಕ್ಕೆ ಹುಟ್ಟೂ ಇಲ್ಲ, ಋಣವೂ ಇಲ್ಲ. ಆದಕಾರಣ ಅದು ಕಲಿತುದರ ಋಣವು ಅದನ್ನು ನಡೆಸುವವನ ತಲೆಯ ಮೇಲೆಯೂ, ಅದರ ಗಾನವನ್ನು ಕೇಳಿ ಸುಖಿಸುವವನ ತಲೆಯ ಮೇಲೆಯೂ ಬರುತ್ತದೆ. ಮೊದಲನೆಯವನು ಯಾರಿಂದ ಪಡೆದೆನೆಂದು ಹೇಳಿ ಸಲ್ಲಬೇಕಾದುದನ್ನು ಸಲ್ಲಿಸಲಿ. ಎರಡನೆಯವನು ‘ಇದು ಯಾರ ಕಂಠ?’ ಎಂದು ಕೇಳುವ ಅಭ್ಯಾಸವನ್ನು ಬಿಡದಿರಲಿ. ಅಷ್ಟಾದರೆ ಯಂತ್ರಗಾನಕ್ಕೂ ಒಂದು ಅಂಕಿತ ದೊರೆಯುತ್ತದೆ.